ಇಸ್ತ್ರಿ ವ್ಯಾನಿನವನ ಲೆಕ್ಕ

ರಾತ್ರಿ ಹನ್ನೊಂದಕ್ಕೆ ಮೊಬೈಲು ಗುರ್ರೆಂದಿತು.
ಮನೆಯದಲ್ಲ, ಪೊಲೀಸರದು:
ಇಪ್ಪತ್ತಾರು ಹೆಚ್ಚು ಓಡಿಸಿದ್ದೀ, ಆರುನೂರು ದಿರ್ಹಂ.
ಒಂದು ಅಂಗಿಯ ಇಸ್ತ್ರಿಗೆ ಎರಡು ದಿರ್ಹಂ ನಮ್ಮಲ್ಲಿ.
ಮುನ್ನೂರು ಅಂಗಿ
ಒಂದೇ ಮಿಂಚಿಗೆ ಸುಟ್ಟುಹೋದವು.

ಬೆಳಿಗ್ಗೆ ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ,
ಕೋಯಾನ ಕೆಫೆಟೀರಿಯಾದ ಮುಂದೆ,
ಕಡಕ್ ಚಹಾದ ಮೇಲೆ ಪಂಚಾಯಿತಿ.
ಭಟ್ಕಳದ ಮುಹತಶಂ ಶುರು ಹಚ್ಚಿಕೊಂಡ:
‘ನನ್ನ ಸೈಕಲ್ಲು ಕಳುವಾಗಿ ಎಂಟು ತಿಂಗಳು.
ಠಾಣೆಗೆ ನಾಲ್ಕು ಸಲ ಹೋದೆ.
ಕುರ್ಚಿ ಕೊಟ್ಟರು, ತಣ್ಣಗಿನ ನೀರು ಕೊಟ್ಟರು,
ಸೈಕಲ್ಲು ಕೊಡಲಿಲ್ಲ.
ಕಂಬದ ಮೇಲಿನ ಕಣ್ಣಿಗೆ ಇವನ ನಂಬರು ಕಾಣುತ್ತದೆ,
ಕಳ್ಳನ ಮೋರೆ ಕಾಣುವುದಿಲ್ಲವೋ?’

ಲ್ಯಾನ್ಸಿ ಕ್ರಾಸ್ತಾ ಬಿಸ್ಕತ್ತು ಅದ್ದುತ್ತ ಅಂದ:
‘ನನ್ನ ಮುದೀರನ ಆಫೀಸಿನೆದುರೂ ಒಂದು ನೆಡಲಿ ಮಾರಾಯ.
ಐದು ತಿಂಗಳ ಸಂಬಳ ಅವನ ಡ್ರಾಯರಿನಲ್ಲಿದೆ.
ತಿಂಗಳ ಒಂದನೇ ತಾರೀಕು ದಾಟಿದ ಕೂಡಲೇ
ಫಳಕ್ಕನೆ ಮಿಂಚಲಿ.’

ಎಲ್ಲರೂ ನಕ್ಕರು.
ಜಯಕರ ಕುಂದರ್ ನಗಲಿಲ್ಲ.
ಇಪ್ಪತ್ತೆರಡು ವರ್ಷ ಟ್ರೇಲರು ಎಳೆದವನು.
‘ಈ ಕಂಬಗಳಿಲ್ಲದ ಕಾಲ ನಾನು ಕಂಡಿದ್ದೇನೆ.
ಧೈದ್ ರಸ್ತೆಯಿಂದ ಅಣ್ಣನನ್ನು
ಕಂಬಳಿಯಲ್ಲಿ ಸುತ್ತಿ ಎತ್ತಿದ್ದು ಇದೇ ಕೈ.
ಗುದ್ದಿದವನ ಗಾಡಿಯ ಮುಳ್ಳು
ನೂರಾ ಎಂಬತ್ತರಲ್ಲಿ ಸಿಕ್ಕಿಬಿದ್ದಿತ್ತು.
ಕಟ್ಟಿ. ಕಟ್ಟಿ ಆಮೇಲೆ ಬೈಯಿರಿ.’
ಚಹಾದ ಲೋಟ ಬೋರಲು ಹಾಕಿ ಎದ್ದು ಹೋದ.

ಹನುಮೇಶನ ಮಾತು ಯಾರೂ ಎತ್ತಲಿಲ್ಲ.
ಗಂಗಾವತಿಯವ, ಸೈಕಲ್ಲಿನಲ್ಲಿ ಬುತ್ತಿ ಹಂಚುತ್ತಿದ್ದ.
ಗೋದಾಮಿನ ತಿರುವಿನಲ್ಲಿ ಬಿದ್ದು ಮೂರು ವಾರ,
ತೊಡೆಯೊಳಗೆ ಕಬ್ಬಿಣ.
ಅಲ್ಲಿ ಕಂಬವಿಲ್ಲ, ಕ್ಯಾಮೆರಾ ಇಲ್ಲ,
ಗುದ್ದಿದ ಕಾರಿಗೆ ಇನ್ನೂ ಹೆಸರಿಲ್ಲ.
ದಂಡ ಬಂದದ್ದು ಹನುಮೇಶನಿಗೆ,
ದಾಟಬಾರದಲ್ಲಿ ದಾಟಿದ್ದಕ್ಕೆ.
ಚೀಟಿ ತಂದ ಪೊಲೀಸ ಇನ್ನೂ ಮೀಸೆ ಬಲಿಯದ ಹುಡುಗ.
ಕೊಟ್ಟ, ಹೊರಗೆ ಹೋದ,
ಕಾಲು ಗಂಟೆ ಬಿಟ್ಟು
ಖರ್ಜೂರದ ಡಬ್ಬಿಯೊಂದಿಗೆ ತಿರುಗಿ ಬಂದ.
ಹನುಮೇಶ ಎರಡನ್ನೂ
ದಿಂಬಿನಡಿ ಇಟ್ಟುಕೊಂಡಿದ್ದಾನೆ.

ನನ್ನ ಮಾತು ಹೇಳುತ್ತೇನೆ.
ಯಾವ ಕಂಬ ಎಲ್ಲಿದೆಯೆಂದು ನನಗೆ ಬಾಯಿಪಾಠ.
ಅದಕ್ಕೆ ಇನ್ನೂರು ಮೀಟರು ಮೊದಲು
ಈ ರಸ್ತೆಯಲ್ಲಿ ಎಲ್ಲರೂ ಸಾಧುಗಳೇ.
ನಿನ್ನೆ ಮಾತ್ರ, ಹೊಸದಾಗಿ ನೆಟ್ಟದ್ದು, ಗೊತ್ತಾಗಲಿಲ್ಲ.
ಗೋದಾಮಿನ ತಿರುವಿನಲ್ಲಿ ನಾನು
ದಿನವೂ ತೊಂಬತ್ತರಲ್ಲಿ ಹೋಗುತ್ತಿದ್ದವನು.
ಹನುಮೇಶ ಬಿದ್ದ ಮರುದಿನವೂ ಹೋದೆ.
ಆರುನೂರು ಕಟ್ಟುತ್ತೇನೆ.
ಆ ತಿರುವಿನ ಬಾಕಿಯನ್ನು
ಯಾರೂ ಇನ್ನೂ ಕೇಳಿ ಕಳಿಸಿಲ್ಲ.

ಇವತ್ತು ಸಂಜೆ ವ್ಯಾನಿನ ಹಿಂದೆ
ನಲವತ್ತು ಹ್ಯಾಂಗರು. ಬಿಳಿ ಕಂದೂರಗಳ ನಡುವೆ
ಪೊಲೀಸ್ ಸಮವಸ್ತ್ರ ಐದು ಜೊತೆ,
ಕಾಲರಿಗೆ ಗುಲಾಬಿ ಚೀಟಿ ಪಿನ್ನು ಮಾಡಿ.
ತಿರುವು ಬಂತು. ನಲವತ್ತಕ್ಕೆ ಇಳಿಸಿದೆ.
ಹಿಂದಿನ ಲ್ಯಾಂಡ್ ಕ್ರೂಸರು ದೀಪ ಕುಕ್ಕಿತು,
ಹಾರ್ನು ಒತ್ತಿ ಹಿಡಿದೇ ಇತ್ತು.
ಕನ್ನಡಿಯಲ್ಲಿ ಆ ಬೆಳಕಿಗೆ
ಮೈಯಿಲ್ಲದ ಐದು ಅಂಗಿಗಳು
ಒಂದರ ಭುಜಕ್ಕೊಂದು ತಾಗಿ ತೂಗಿದವು,
ಮುಂದಕ್ಕೆ ಬಾಗಿದವು,
ನಿಂತವು.

ನಾಳೆ ಏಳರೊಳಗೆ ಇವನ್ನು ಠಾಣೆಗೆ ಮುಟ್ಟಿಸಬೇಕು.
ತೋಳಿನ ಗೆರೆ ಕೆಡಬಾರದು.