ಬಲಗಾಲು

ಫಾರಮ್ಮಿನಲ್ಲಿ 'ಬಂದ ಕಾರಣ' ಅಂತ ಒಂದು ಗೆರೆ ಇತ್ತು.
ಸಿಗರೇಟು ಬಿಡೋದಕ್ಕೆ, ಅಂತ ಬರೆದೆ.
ನಾನು ಸಿಗರೇಟು ಸೇದುವವನೇ ಅಲ್ಲ.

ಮೈಸೂರು, ಸರಸ್ವತಿಪುರಂ, ಜೆರಾಕ್ಸ್ ಅಂಗಡಿಯ ಮೇಲೆ.
ಬೆಂಚಿನಲ್ಲಿ ನಾನೂ ಸೇರಿ ನಾಲ್ಕು ಗಂಡಸರು.
ಒಬ್ಬ ಹೆಲ್ಮೆಟ್ಟೇ ತೆಗೆದಿಲ್ಲ.
ಒಬ್ಬ ಪೇಪರು ಹಿಡಿದಿದ್ದಾನೆ, ಪುಟ ತಿರುಗುವುದಿಲ್ಲ.
ಇನ್ನೊಬ್ಬ ಎಲೆಯಡಿಕೆಯ ಕೆಂಪು ಬಾಯಲ್ಲಿ
"ಸಿಗರೇಟಾ?" ಅಂದ.
ಹೂಂ ಅಂದೆ.
"ನಂದೂವೆ."

ಮನೆಯಲ್ಲಿ ಹೇಳಿ ಬಂದದ್ದು ಹಲ್ಲುನೋವು.

ಇಪ್ಪತ್ತಾರು ವರ್ಷ ಸ್ಟೀರಿಂಗು ಹಿಡಿದವನು,
ಮಂಡ್ಯ ಡಿಪೋ, ಹೆಚ್ಚಾಗಿ ರಾತ್ರಿ ಪಾಳಿ.
ಹಿಂದೆ ಐವತ್ತು ಜನ ಬಾಯಿ ತೆರೆದು ನಿದ್ದೆ ಮಾಡಲಿ ಅಂತಲೇ
ಸರ್ಕಾರ ನನಗೆ ಕೊಡುವ ಸಂಬಳ.
ಈಗ ಈ ಆಯಮ್ಮ, ನನ್ನ ತಂಗಿಯ ವಯಸ್ಸು,
ಒರಗುಕುರ್ಚಿ ತೋರಿಸಿ, ಮೆತ್ತಗೆ,
"ಕಣ್ಣು ಮುಚ್ಚಿ, ಜವರಪ್ಪನವರೇ" ಅನ್ನುತ್ತಾಳೆ.

ಕೆಲಸ ಕಳೆಯುವಂಥ ಮಾತು.
ಅವ್ವ ಹೋದ ಮೇಲೆ ಯಾರೂ ನನಗೆ ಹೇಳದ ಮಾತು.

ನಮ್ಮ ಚಿಕ್ಕಿಗೆ ಮೈಮೇಲೆ ಬರುತ್ತಿತ್ತು.
ತಲೆ ಬಿಚ್ಚಿಕೊಂಡು, ಗಂಡನ ಹೆಸರು ಹಿಡಿದೇ ಕೂಗಿ,
ಅಡವಿಟ್ಟ ಬಳೆಯ ಲೆಕ್ಕ, ಹೊಡೆದ ಏಟಿನ ಲೆಕ್ಕ
ಎಲ್ಲ ಕೇಳಿಬಿಡುತ್ತಿದ್ದಳು. ಅವನು ಕೈಮುಗಿದು ನಿಲ್ಲುತ್ತಿದ್ದ.
ಬೆಳಗಾದರೆ ಮುದ್ದೆ ತಿರುವುತ್ತಾ,
"ನಾನೇನಂದ್ನೋ ಕಾಣೆ ಕನವ್ವ."
ಯಾರೂ ಕೆದಕುವುದಿಲ್ಲ. ದೇವರಂದದ್ದು ದೇವರಿಗೆ.

ಗಂಡಸಿನ ಮೈಮೇಲೆ ಬರುವುದು ಕ್ವಾರ್ಟರು.
"ಕುಡ್ದಿದ್ದ, ಬುಡು" ಅಂತ
ಅವನ ಅಳುವನ್ನೂ ಮನ್ನಿಸುತ್ತಾರೆ.
ಡ್ರೈವರಿಗೆ ಅದೂ ಇಲ್ಲ,
ಊದಿಸಿ ನೋಡಿ ಬಸ್ಸು ಕೊಡುತ್ತಾರೆ.

"ಹತ್ತು ಮೆಟ್ಟಿಲು ಇಳಿಯಿರಿ, ಒಂದೊಂದೇ."
ನನ್ನ ಬಸ್ಸಿಗಿರುವುದು ಮೂರು.
ಮೂರನೆಯದಕ್ಕೇ ರಸ್ತೆ ಸಿಕ್ಕಿತು.
ಪಾಂಡವಪುರದ ಕಡೆಯದು, ರಾತ್ರಿ ಎರಡೂವರೆ,
ಲಾಟೀನಿಲ್ಲದ ಕಬ್ಬಿನ ಗಾಡಿ,
ಹೆಡ್‌ಲೈಟಿನಲ್ಲಿ ನಾಲ್ಕು ಹಸಿರು ಕಣ್ಣು.

ಅವತ್ತು ಏನೂ ಆಗಲಿಲ್ಲ.
ಬ್ರೇಕು ಹಿಡಿಯಿತು, ಒಂದು ಗೇಣು ಉಳಿಯಿತು.
ಯಾವುದೋ ಮಗು ಎದ್ದು ಅತ್ತು ಮತ್ತೆ ಮಲಗಿತು.
ಕಂಡಕ್ಟರು ಅಂದ, ಡಿಪೋದವರು ಅಂದರು, ಜಯಶೀಲ ಅಂದಳು,
"ಏನೂ ಆಗ್ಲಿಲ್ವಲ್ಲ."
ಆಗಿದ್ದರೆ ಹೇಳಿಕೊಳ್ಳಬಹುದಿತ್ತು.
ಆಗದೇ ಇದ್ದದ್ದನ್ನು ಯಾವ ಠಾಣೆಯಲ್ಲಿ ಬರೆಸಲಿ?
ಹದಿನಾಲ್ಕು ತಿಂಗಳಿಂದ ರಾತ್ರಿಯಾದರೆ ನನ್ನ ಬಲಗಾಲು
ಮಂಚದ ತುದಿಯನ್ನು ಒತ್ತುತ್ತದೆ.
ಜಯಶೀಲ ಗೋಡೆಗಂಟಿ ಮಲಗುವುದ ಕಲಿತಿದ್ದಾಳೆ.

ಈ ಸಲ ಇಳಿದೆ.
ಎಂಜಿನ್ನು ಗುರುಗುಡುತ್ತಲೇ ಇತ್ತು, ನನ್ನ ಸೀಟಿನಲ್ಲಿ ಯಾರೂ ಇಲ್ಲ.
ಎಡಗಡೆ ಎತ್ತಿನ ಗಂಗೆದೊಗಲು ಮುಟ್ಟಿದೆ. ಬಿಸಿ.
ಗಾಡಿಯವನು ಕಬ್ಬಿನ ಮೇಲೆ ಮಲಗಿದ್ದ, ಮೀಸೆ ಬಾರದ ಹುಡುಗ,
ಎತ್ತಿಗೇ ದಾರಿ ಒಪ್ಪಿಸಿ.
ಅವನಿಗೆ ಏನೋ ಹೇಳಿದೆ.

ಕಣ್ಣು ಬಿಟ್ಟರೆ ಫ್ಯಾನು.
ಕಿವಿಯೊಳಗೆಲ್ಲ ನೀರು.
"ಮಾತಾಡಿದ್ರಿ," ಅಂದಳು, "ಬಹಳ ಹೊತ್ತು. ನೆನಪಿದೆಯಾ?"
ಒಂದೊಂದು ಅಕ್ಷರವೂ ನೆನಪಿತ್ತು.
ಇಲ್ಲ, ಅಂದೆ.
ಆಯಮ್ಮ ಪೆನ್ನು ಮುಚ್ಚಿದಳು.
ಆ 'ಇಲ್ಲ'ಕ್ಕೇ ಕನಪ್ಪೋ, ಆರುನೂರು ರೂಪಾಯಿ.

ಹೊರಗೆ ಹೆಲ್ಮೆಟ್ಟಿನವನು ಗಾಜು ಸರಿಸಿ ಕೇಳಿದ:
"ಬಿಡ್ತಾ?"
"ನೋಡ್ಬೇಕು."

ಬಸ್‌ಸ್ಟ್ಯಾಂಡಿನಲ್ಲಿ ಪ್ರಯಾಣಿಕನಾಗಿ ಹತ್ತಿದೆ, ಕಿಟಕಿ ಪಕ್ಕ.
ಓಡಿಸುತ್ತಿದ್ದವನು ಹೊಸಬ, ಗೇರು ಒರಟು.
ಅವನ ಬೆನ್ನನ್ನೇ ನೋಡುತ್ತಾ
ಶ್ರೀರಂಗಪಟ್ಟಣದ ಸೇತುವೆ ಮೇಲೆ ಎಣಿಸತೊಡಗಿದೆ,
ಹತ್ತು, ಒಂಬತ್ತು, ಎಂಟು

"ಅಣ್ಣಾ, ಮಂಡ್ಯ," ಭುಜ ತಟ್ಟಿದ ಕಂಡಕ್ಟರು.

ದಾರಿಯಲ್ಲಿ ಕಾಲು ಒತ್ತಿತೋ ಇಲ್ಲವೋ,
ನಿದ್ದೆಯಲ್ಲಿದ್ದವನಿಗೆ ಹೇಗೆ ಗೊತ್ತು?
ಮುಂದಿನ ಸೀಟಿನಡಿ ಮುದುಕಿ ಇಟ್ಟಿದ್ದ ಹೂವಿನ ಬುಟ್ಟಿ ಮಾತ್ರ
ಒಂದು ಗೇಣು ಮುಂದಕ್ಕೆ ಜರುಗಿತ್ತು.