ಏಳನ್ನು ಕರೆದರೆ ಹನ್ನೊಂದು

ಮೊನ್ನೆ ಸಂಜೆ ನಾಲ್ಕಕ್ಕೆ ಸಾರಜನಕ ತುಂಬಿ
ಗೇಜಿನ ಮುಳ್ಳು ನಲವತ್ತಕ್ಕೆ ನಿಂತಾಗ
ಟೆರೇಸಿನ ಗೋಡೆಯ ಮೇಲೆ ಮಾರ್ಕರಿನಲ್ಲಿ ಬರೆದಿಟ್ಟೆ:
ಒತ್ತಡ, ಗಂಟೆ, ಬಿಸಿಲಿನ ಡಿಗ್ರಿ, ನನ್ನ ಸಹಿ.
ಬೆಳಗ್ಗೆ ಆರಕ್ಕೆ ಬಂದರೆ
ಮುಳ್ಳು ಒಂದು ಗೆರೆ ಕೆಳಗೆ.

ಪುರ್ಸು ತಾಂಡೇಲನ ಮುಖ ಇಳಿಯಿತು.
ಮೂರು ಮಾಳಿಗೆಯ ಆಸ್ಪತ್ರೆ, ಹದಿನಾಲ್ಕು ಕೋಣೆ,
ನೂರಾ ಹನ್ನೆರಡು ಬೆಸುಗೆ, ಎಲ್ಲ ಅವನದೇ ಕೈ.
ಸೋಪಿನ ನೊರೆಯ ಡಬ್ಬಿ ಹಿಡಿದು ಓಡಲು ಹೊರಟ.
ತಡಿಯೋ ಮಾರಾಯ, ಅಂದೆ,
ಇದು ಸೋರಿಕೆಯಲ್ಲ, ರಾತ್ರಿ.
ಘಟ್ಟದಿಂದ ಇಳಿದ ತಂಪಿಗೆ
ಕೊಳವೆಯೊಳಗಿನ ಗಾಳಿಯೂ ಮುದುಡಿ ಮಲಗುತ್ತದೆ,
ಮುದುಡಿದ್ದನ್ನು ಕಳೆದುಹೋಯಿತು ಅನ್ನಬಾರದು.
ಹತ್ತು ಡಿಗ್ರಿಗೆ ಇಷ್ಟು ಎಂದು
ಸಿಮೆಂಟ್ ಚೀಲದ ಹರಕಿನ ಮೇಲೆ ಲೆಕ್ಕ ಬಿಡಿಸಿದೆ.
ನಂಬಲಿಲ್ಲ.
ಹತ್ತೂವರೆಗೆ ಬಿಸಿಲು ಟೆರೇಸಿಗೆ ಹತ್ತಿತು,
ಮುಳ್ಳು ತಾನಾಗಿ ಎದ್ದು ಕೂತಿತು.
ಆಗ ಚಹಾ ಕುಡಿದ.

ಆಮೇಲೆ ನಿರ್ವಾತ.
ಪಂಪು ಮಧ್ಯಾಹ್ನದಿಂದ ಕೆಮ್ಮುತ್ತಲೇ ಇತ್ತು:
ಎಂಟು ಸಾವಿರ, ಎರಡು ಸಾವಿರ, ಒಂಬೈನೂರು,
ಒಂಬೈನೂರು, ಒಂಬೈನೂರು.
ಒಳಗೆಲ್ಲೋ ಒದ್ದೆ ಕೂತಿದೆ. ಕೂರದೆ ಏನು ಮಾಡೀತು,
ಹುರಿದ ಹಪ್ಪಳ ಎರಡು ನಿಮಿಷಕ್ಕೆ ಚರ್ಮವಾಗುವ,
ಭರಣಿಯ ಉಪ್ಪು ಭರಣಿಯಲ್ಲೇ ನೀರಾಗುವ ಕಾರವಾರ.
ಒಣ ಸಾರಜನಕ ಬಿಟ್ಟು ಮತ್ತೆ ಎಳೆದೆವು, ಮತ್ತೆ.

ಆ ಸದ್ದಿಗೆ ನನಗೆ ಬೈತಖೋಲಿನ ಬರ್ಫದ ಕಾರ್ಖಾನೆ ನೆನಪು.
ಆಯಿ ಅಲ್ಲಿ ಚೂರು ಬರ್ಫ ಬುಟ್ಟಿಗೆ ತುಂಬುತ್ತಿದ್ದಳು,
ದೋಣಿ ಬಂದರೆ ರಾತ್ರಿಯೂ.
ಥಂಡಿಗೆ ಆಗ ತೂಕವಿತ್ತು,
ಗೋಣಿತಾಟು ಹೊದ್ದು ಹೆಗಲೇರುತ್ತಿತ್ತು,
ದಾರಿಯುದ್ದಕ್ಕೂ ಸೋರಿ
ಮುಟ್ಟುವಾಗ ಮುಕ್ಕಾಲಾಗುತ್ತಿತ್ತು.
ವಾಸನೆಯಿತ್ತು, ಕಣ್ಣು ಉರಿಸುವ ಅಮೋನಿಯಾ.
ನನಗೆ ಜ್ವರ ಬಂದ ದಿನ
ಒದ್ದೆ ಬಟ್ಟೆ ಬೇಕಾಗುತ್ತಿರಲಿಲ್ಲ,
ಅವಳ ಅಂಗೈ ಸಾಕಿತ್ತು.
ಈಗ ಕಿರುಬೆರಳಿನಷ್ಟು ತಾಮ್ರದ ಕೊಳವೆಯಲ್ಲಿ
ವಾಸನೆಯಿಲ್ಲದೆ, ಯಾರ ಹೆಗಲೂ ನೆನೆಯದೆ
ಮೂರು ಮಾಳಿಗೆ ಇಳಿಯುತ್ತದೆ ಥಂಡಿ.

ರಾತ್ರಿ ಹತ್ತಕ್ಕೆ ನಾನೂರ ಎಂಬತ್ತು.
ವಾಲ್ವು ಮುಚ್ಚಿದೆ. ಒಂದು ಗಂಟೆ ಅಂಕೆ ಅಲುಗಲಿಲ್ಲ.

ಇವತ್ತು ಗ್ಯಾಸು. ಆರು ಕಿಲೋ ಏಳುನೂರು ಗ್ರಾಂ,
ಚಿನ್ನದಂಗಡಿಯವನಂತೆ ತಕ್ಕಡಿ ಮೇಲೆ ಕಣ್ಣಿಟ್ಟು ಬಿಟ್ಟೆ.
ಟೆರೇಸಿನ ದೊಡ್ಡ ಫ್ಯಾನು
ಒಮ್ಮೆ ಹಿಂಜರಿದು, ತಿರುಗಿತು.
ಏಳಕ್ಕೆ ಆನ್ ಕೊಡು, ಫೋನಿನಲ್ಲಿ ಕೂಗಿದೆ.
ಕೊಟ್ಟೆ, ಅಂದ ಪುರ್ಸು. ಬರ್ತಾ ಇಲ್ಲ.
ಕಾಯಿ.
ಕಾದೆ. ಬರ್ತಾ ಇಲ್ಲ.

ಅಷ್ಟರಲ್ಲಿ ಮೇಲಿನ ಮಾಳಿಗೆಯಿಂದ
ನೆಲ ಒರೆಸುತ್ತಿದ್ದ ಮಾದೇವಿ ಗುನಗಿಯ ದನಿ:
ಅಯ್ಯೋ, ಯಾರು ಬಿಟ್ರಿ ಇದನ್ನ!
ಕೋಣೆ ಹನ್ನೊಂದು.

ಎಲ್ಲೋ ಎರಡು ತಂತಿ ಅದಲುಬದಲಾಗಿವೆ.
ಏಳರ ಗೋಡೆ ಸೆಕೆ ಸೆಕೆ ಎಂದಷ್ಟೂ
ಹನ್ನೊಂದರ ಹಾಸಿಗೆ ನಡುಗುತ್ತದೆ.
ಸ್ಟಿಕ್ಕರ್ ಬದಲಿಸಿದರೆ ಆಯ್ತಲ್ಲ, ಅಂದರು ಕಂಟ್ರಾಕ್ಟರ್ ಉಸ್ಮಾನ್ ಸಾಹೇಬರು,
ಸೋಮವಾರ ಉದ್ಘಾಟನೆ.
ಆಗಲ್ಲ, ಅಂದೆ. ಪುರ್ಸು ಆಗಲೇ ಏಣಿ ತರಲು ಹೋಗಿದ್ದ.

ಹನ್ನೊಂದಕ್ಕೆ ಹತ್ತಿದೆ, ನಿಲ್ಲಿಸಲು.
ಮಾದೇವಿ ಸೆರಗಿನಿಂದ ಕುತ್ತಿಗೆ ಒರೆಸುತ್ತ
ಗಾಳಿಗೆ ನೇರ ನಿಂತಿದ್ದಳು, ಕಣ್ಣು ಮುಚ್ಚಿ.
ತಪ್ಪಿ ಬಂದದ್ದು ಅಂತ ಹೇಳಿದೆ.
ಬರಲಿ ಬಿಡಿ, ಅಂದಳು,
ಸೋಮವಾರದ ಮೇಲೆ ಈ ಕೋಣೇಲಿ ನಿಲ್ಲೋಕೆ ಬಿಡ್ತಾರಾ?

ಥರ್ಮಾಮೀಟರ್ ಹಿಡಿದೆ: ಹೊರಗೆ ಮೂವತ್ತಮೂರು,
ಜಾಲರಿಯ ಬಾಯಲ್ಲಿ ಹದಿನಾಲ್ಕು.
ವರದಿಯ ಷರಾ ಕಾಲಮ್ಮಿನಲ್ಲಿ ಬರೆದೆ:
ಕೋಣೆ ಹನ್ನೊಂದು, ಪರೀಕ್ಷಾರ್ಥ, ಹತ್ತು ನಿಮಿಷ.

ಕಿಟಕಿಯಾಚೆ ಡ್ರೇನಿನ ಪೈಪು ಹನಿಯತೊಡಗಿತ್ತು.
ಪುರ್ಸು ಬೆರಳಿಗೆ ಒಂದು ಹನಿ ಹಿಡಿದು ನೆಕ್ಕಿ,
ಕಡಲ ಗಾಳಿಯದ್ದು, ಆದರೂ ಉಪ್ಪಿಲ್ಲ, ಅಂದ.
ಮಾದೇವಿ ಮಾತಾಡಲಿಲ್ಲ.
ಬಕೆಟ್ಟನ್ನು ಅದರ ಕೆಳಗೆ ಸರಿಸಿ
ಮೂಲೆಯೊಂದು ಉಳಿದಿತ್ತು, ಒರೆಸಲು ಹೋದಳು.