ಅಳತೆ ರವಿಕೆ

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಅಬ್ಬಾನ ಅಂಗಡಿಯ ಅಟ್ಟದಲ್ಲಿ
ನನ್ನ ಲ್ಯಾಪ್‌ಟಾಪು.
ಕೆಳಗೆ ಪೆಡಲು ನಿಂತಾಗಲೆಲ್ಲ
ಮೇಲೆ ಅದರ ಫ್ಯಾನು ಕೇಳಿಸುತ್ತದೆ.

ಊರಾಚೆ ಆಲೂಗಡ್ಡೆಯ ಕೋಲ್ಡ್ ಸ್ಟೋರೇಜು.
ಅಲ್ಲಿ ಗೋಡೆಗೆ ಹೊಡೆದ ತಗಡಿನ ಡಬ್ಬಿ,
ಡಬ್ಬಿಯೊಳಗೆ ಬೆಂಕಿಪೊಟ್ಟಣದಷ್ಟು ಬೋರ್ಡು:
ಬಿತ್ತನೆ ಗಡ್ಡೆಯ ಚಳಿ ಕಾಯುವುದು ಅದರ ಕೆಲಸ.
ಹಳೆಯ ಪ್ರೊಸೆಸರು. ತನ್ನ ಪ್ರೋಗ್ರಾಮನ್ನು
ತಾನೇ ಕಂಪೈಲ್ ಮಾಡಿಕೊಳ್ಳಲು ಜಾಗವಿಲ್ಲ, ಉಸಿರೂ ಇಲ್ಲ.
ಇಲ್ಲಿ ಹೊಲಿದು ಅಲ್ಲಿಗೆ ಒಯ್ಯಬೇಕು.

ಮೊದಲ ಸಲ ಮರೆತು
ನನ್ನ ಯಂತ್ರದ ಮೈಗೇ ಹೊಲಿದು ಒಯ್ದೆ.
ಬೋರ್ಡು ಒಂದೇ ಸಾಲಿನಲ್ಲಿ ಹೇಳಿತು:
ಇದು ನನಗೆ ಓದಲು ಬರುವುದಿಲ್ಲ.

ಎರಡನೆಯ ಸಲ ಪ್ರೊಸೆಸರಿನ ಹೆಸರು ಸರಿ;
ಲೈಬ್ರರಿ ಮಾತ್ರ ನನ್ನ ಕಡೆಯದು, ಹೊಸದು.
ಇಲ್ಲಿಯ ಗುಂಡಿಗೆ ಅಲ್ಲಿ ಕಾಜವೇ ಇರಲಿಲ್ಲ.

ಊಟಕ್ಕೆ ಇಳಿದಾಗ ಅಬ್ಬಾ
ಮೂಡಿಗೆರೆಯ ವಿಶಾಲಾಕ್ಷಮ್ಮನ ರವಿಕೆ ಕತ್ತರಿಸುತ್ತಿದ್ದರು.
ಒಂಬತ್ತು ವರ್ಷವಾಯಿತು, ಆಕೆಯನ್ನು ಕಂಡದ್ದೇ ಇಲ್ಲ.
ಕಂಡಕ್ಟರ್ ಕೈಲಿ ಬರುತ್ತದೆ ಬಟ್ಟೆ, ಜೊತೆಗೊಂದು ಹಳೇ ರವಿಕೆ.
"ಅಳತೆ ಬರೆದು ಕಳಿಸಬಾರದಾ?" ಅಂದೆ.
"ಇಂಚು ಬರೀಬಹುದು ಬೇಟಾ. ಒಂದು ಭುಜ ಇಳಿದಿರೋದನ್ನ
ಯಾರು ತಾನೇ ಬರೆದು ಕಳಿಸ್ತಾರೆ?"

ಸಂಜೆ ಹೋಗಿ, ಬೋರ್ಡಿನೊಳಗಿನ ಲೈಬ್ರರಿಗಳನ್ನೆಲ್ಲ
ಇದ್ದದ್ದು ಇದ್ದ ಹಾಗೇ ಪೆನ್‌ಡ್ರೈವಿಗೆ ತುಂಬಿ ತಂದೆ,
ಮಾಸಿದ್ದು, ತೇಪೆ ಹಾಕಿದ್ದು, ಒಂದೂ ಬಿಡದೆ.
ಅದನ್ನೇ ಹರವಿ ಅದರ ಮೇಲೇ ಕತ್ತರಿ ಆಡಿಸಿದೆ.

ಮೂರನೆಯದು ಓಡಿತು.
ನಾಲ್ಕು ಡಿಗ್ರಿ ಬರಬೇಕಾದಲ್ಲಿ
ಸಾವಿರದ ಇಪ್ಪತ್ತನಾಲ್ಕು.
ಕಾವಲಿನ ಜವರಪ್ಪ ಸ್ವೆಟರಿನೊಳಗೇ ನಕ್ಕ:
"ಇಷ್ಟೊತ್ಗೆ ಒಳಗಿರೋದೆಲ್ಲ ಬೋಂಡಾ ಆಗಿರ್ಬೇಕಿತ್ತಲ್ಲವ್ವ."

ಎರಡು ಬೈಟು. ಯಾವುದು ಮುಂದೆ ಎಂಬುದಷ್ಟೇ ಜಗಳ.
ನನ್ನದು ಚಿಕ್ಕ ತುದಿಯಿಂದ ಹಿಡಿಯುತ್ತದೆ, ಅದು ದೊಡ್ಡ ತುದಿಯಿಂದ.
ಅಬ್ಬಾನ ಅಳತೆ ಪುಸ್ತಕದಲ್ಲಿ
ಗಿರಾಕಿಯ ಹೆಸರು ಉರ್ದುವಿನಲ್ಲಿ ಬಲದಿಂದ ಎಡಕ್ಕೆ ನಡೆದು,
ಮೂವತ್ತಾರೂವರೆ ಬಂದ ಕೂಡಲೇ
ತಿರುಗಿ ಎಡದಿಂದ ಬಲಕ್ಕೆ ಹೊರಡುತ್ತದೆ.
ಆ ಪುಟಗಳ ಮೇಲೆ ಅಂಕಿ ಕಲಿತವಳು ನಾನು,
ಆದರೂ ಎಡವಿದೆ.

ತಿದ್ದಿದೆ. ನಾಲ್ಕು. ಇನ್ನೊಂದು ಗಳಿಗೆಗೂ ನಾಲ್ಕೇ.
ಕಂಪ್ರೆಸರು ಗುಡುಗಿ ಸುಮ್ಮನಾಯಿತು.
"ಏನ್ ಮಾಡುದ್ರಿ?"
"ಆಲ್ಟ್ರೇಷನ್," ಅಂದೆ.

ಅದರದೊಂದು ಪ್ರತಿ ಇನ್ನೂ ನನ್ನ ಲ್ಯಾಪ್‌ಟಾಪಿನಲ್ಲಿದೆ.
ಇಲ್ಲಿ ಓಡದು. ಇದರ ಹೊಟ್ಟೆಯಲ್ಲೇ ಹುಟ್ಟಿದ್ದು,
ಇದಕ್ಕೇ ಗುರುತಿಲ್ಲ.
ಕೆಳಗೆ ಮೊಳೆಯಲ್ಲಿ ವಿಶಾಲಾಕ್ಷಮ್ಮನ ರವಿಕೆ
ಇಸ್ತ್ರಿಯಾಗಿ ತೂಗುತ್ತಿದೆ, ಬೆಳಗಿನ ಬಸ್ಸಿಗೆ.
ಒಳಹೊಲಿಗೆಯಲ್ಲಿ ಅರ್ಧ ಇಂಚು ಬಿಟ್ಟಿದ್ದೀನಿ, ಅನ್ನುತ್ತಾರೆ ಅಬ್ಬಾ,
ಯಾರೂ ಕೇಳದೆಯೇ.
ನಾನು ಬಿಟ್ಟಿದ್ದೇನೆಯೇ ಎಂದು
ಅಟ್ಟ ಹತ್ತಿ ಮತ್ತೊಮ್ಮೆ ನೋಡುತ್ತೇನೆ.